ಕಾಫಿಯ ಹೊತ್ತು

ಕಾಫಿ ಮೈಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರಾದರೂ ಕೇಳಿದರೆ ಈಗ ನಾನು ತಿರುಗಿ ಕೇಳುತ್ತೇನೆ: ಯಾವ ಹೊತ್ತಿಗೆ ಕುಡಿಯುತ್ತೀರಿ? ಅದರ ಹಿಂದೆ ಮುಂದೆ ಹೊಟ್ಟೆಗೆ ಏನು ಹೋಗುತ್ತದೆ? ದಿನಕ್ಕೆ ಎಷ್ಟು ಲೋಟ ಎಂಬ ಲೆಕ್ಕವನ್ನು ಎಲ್ಲರೂ ಇಡುತ್ತಾರೆ. ಹೊತ್ತಿನ ಲೆಕ್ಕ ಇಡುವವರು ಕಡಿಮೆ. ನಮ್ಮ ಮನೆಗೆ ಅದನ್ನು ಕಲಿಸಿದ್ದು ಅಮ್ಮನ ಥೈರಾಯ್ಡ್.

ಅಮ್ಮ ಹಾಸನದ ಕಡೆಯವರು. ಬೆಳಿಗ್ಗೆ ಎದ್ದು ಮುಖ ತೊಳೆದು, ರಾತ್ರಿಯೇ ಇಳಿಸಿಟ್ಟ ಡಿಕಾಕ್ಷನ್‌ಗೆ ಬಿಸಿ ಹಾಲು ಬೆರೆಸಿ ಕುಡಿದ ಮೇಲೆಯೇ ಅವರಿಗೆ ಬೆಳಗಾಗುವುದು. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಕು ಎಂದು ವೈದ್ಯರು ಹೇಳಿದ್ದರು. ಅಮ್ಮ ಅದನ್ನು ತಪ್ಪದೆ ಪಾಲಿಸುತ್ತಿದ್ದರು: ಮೊದಲು ನೀರಿನಲ್ಲಿ ಮಾತ್ರೆ, ಆಮೇಲೆ ಕಾಫಿ. ಆದರೂ ಪ್ರತಿ ರಕ್ತಪರೀಕ್ಷೆಯಲ್ಲಿ, ಥೈರಾಯ್ಡ್ ಹಾರ್ಮೋನ್ ಸಾಲದಾದಾಗ ಏರುವ ಟಿಎಸ್‌ಎಚ್ ಮೇಲೆಯೇ ಇರುತ್ತಿತ್ತು, ಮಾತ್ರೆಯ ಪ್ರಮಾಣ ಏರುತ್ತಲೇ ಹೋಯಿತು. ಸುಸ್ತು, ಮೈ ಊತ, ಕೂದಲು ಉದುರುವುದು ಯಾವುದೂ ನಿಲ್ಲಲಿಲ್ಲ. ಕೊನೆಗೊಬ್ಬ ವೈದ್ಯೆ ಕೇಳಿದರು, "ಅಮ್ಮಾ, ಮಾತ್ರೆ ತಗೊಂಡು ಎಷ್ಟು ಹೊತ್ತಿಗೆ ಕಾಫಿ ಕುಡೀತೀರಿ?"

"ಎಷ್ಟು ಹೊತ್ತಿಗೆ ಅಂದ್ರೆ? ಆಗ್ಲೇ ಕುಡೀತೀನಲ್ಲ."

ಥೈರಾಯ್ಡ್ ಮಾತ್ರೆಯಲ್ಲಿರುವುದು ಲಿವೊಥೈರಾಕ್ಸಿನ್. ಅದು ಬಹಳ ನಾಜೂಕಿನ ಔಷಧ, ಲೆಕ್ಕ ಮೈಕ್ರೊಗ್ರಾಂನಲ್ಲಿ. ಸಣ್ಣ ಕರುಳು ಅದನ್ನು ಹೀರಿಕೊಳ್ಳುವ ಮೊದಲೇ ಕಾಫಿ ಬಂದು ಸೇರಿದರೆ ರಕ್ತಕ್ಕೆ ಹೋಗುವ ಪಾಲು ತಗ್ಗುತ್ತದೆ. ಹಾಲಿನ ಕ್ಯಾಲ್ಸಿಯಂ ಕೂಡ ಅಡ್ಡಿಯೇ. ಆದ್ದರಿಂದ ನಡುವೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಬೇಕು. ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆಯಾದರೆ ನಾಲ್ಕು ಗಂಟೆ. ಖಾಲಿ ಹೊಟ್ಟೆ ಎಂದಾಗ ಅಮ್ಮನ ಕಾಲದ ಹೆಂಗಸರಿಗೆ ಕಾಫಿ ನೆನಪಿಗೇ ಬರುವುದಿಲ್ಲ, ಅವರ ಲೆಕ್ಕದಲ್ಲಿ ಹೊಟ್ಟೆ ತುಂಬಿಸುವುದು ತಿಂಡಿ ಮಾತ್ರ. ಕಾಫಿಗೆ ಬಿಡಬೇಕಾದ ಈ ಅಂತರವನ್ನು ಔಷಧಿ ಚೀಟಿಯಲ್ಲೇ ಬರೆದುಕೊಡಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಆ ವೈದ್ಯೆ ಕಾಫಿ ಬಿಡಿ ಎನ್ನಲಿಲ್ಲ. ಬೆಳಗಿನ ಜಾವ ಕಾಯುವುದು ಕಷ್ಟವಾದರೆ ಊಟವಾಗಿ ಮೂರು ಗಂಟೆ ಕಳೆದು ಮಲಗುವಾಗ ಮಾತ್ರೆ ನುಂಗಬಹುದು ಎಂದರು. ಅಮ್ಮನ ಮುಖ ಅರಳಿತು. ರಾತ್ರಿ ಊಟ ಬೇಗ ಮುಗಿಯತೊಡಗಿತು, ಬೆಳಗಿನ ಲೋಟ ತನ್ನ ಜಾಗದಲ್ಲೇ ಉಳಿಯಿತು. ಮುಂದಿನ ಪರೀಕ್ಷೆಗಳಲ್ಲಿ ಟಿಎಸ್‌ಎಚ್ ಇಳಿದು, ಮಾತ್ರೆಯ ಪ್ರಮಾಣವನ್ನೂ ಇಳಿಸಬೇಕಾಯಿತು. ಹೊತ್ತು ಬದಲಿಸುವವರು ವೈದ್ಯರಿಗೆ ಹೇಳಿಯೇ ಬದಲಿಸಬೇಕು. ಆರರಿಂದ ಎಂಟು ವಾರಕ್ಕೆ ಮತ್ತೆ ರಕ್ತಪರೀಕ್ಷೆ ಮಾಡಿಸದಿದ್ದರೆ, ಹಳೆಯ ದೊಡ್ಡ ಪ್ರಮಾಣ ಪೂರ್ತಿ ಮೈಗೆ ಹತ್ತಿ ಎದೆ ಡವಡವ ಎನ್ನಲು ಶುರುವಾಗಬಹುದು.

ಹೊತ್ತಿನ ಇನ್ನೊಂದು ಪಾಠ ತಂಗಿಯಿಂದ ಬಂತು. ಅವಳಿಗೆ ರಕ್ತಹೀನತೆ. ಸೊಪ್ಪು, ಕಾಳು, ರಾಗಿ ಯಾವುದಕ್ಕೂ ಮನೆಯಲ್ಲಿ ಕೊರತೆಯಿರಲಿಲ್ಲ. ಆದರೆ ತಿಂಡಿ ತಿಂದು ಕೈ ತೊಳೆಯುವಷ್ಟರಲ್ಲಿ ಕಾಫಿ ಬಂದಿರುತ್ತಿತ್ತು. ಕಾಫಿಯ ಪಾಲಿಫೆನಾಲ್‌ಗಳು ಆಹಾರದ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಸಸ್ಯಾಹಾರದಿಂದ ಬರುವ ಕಬ್ಬಿಣ ಮೊದಲೇ ಮೈಗೆ ಹತ್ತುವುದು ಕಷ್ಟ, ಅದಕ್ಕೇ ಹೊಡೆತ ಹೆಚ್ಚು. 1983ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗ ನನ್ನನ್ನು ಬೆರಗುಗೊಳಿಸಿತು. ಊಟದ ಜೊತೆ ಒಂದು ಕಪ್ ಕಾಫಿ ಕುಡಿದಾಗ ಕಬ್ಬಿಣ ಹೀರಿಕೆ ಶೇಕಡಾ 39 ಕುಸಿದಿತ್ತು. ಊಟವಾಗಿ ಒಂದು ಗಂಟೆಗೆ ಕುಡಿದಾಗಲೂ ಅಷ್ಟೇ ಕುಸಿತ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದಾಗ ಮಾತ್ರ ಕುಸಿತವೇ ಇರಲಿಲ್ಲ. 2024ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿಯೂ ಊಟಕ್ಕೆ ಮೊದಲು ಮತ್ತು ನಂತರ ಕನಿಷ್ಠ ಒಂದು ಗಂಟೆ ಕಾಫಿ, ಚಹಾ ಬೇಡ ಎನ್ನುತ್ತದೆ. ದೇಶದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತ ಕಡಿಮೆ ಇರುವಾಗ ಇದು ಸಣ್ಣ ವಿಷಯವಲ್ಲ. ತಂಗಿ ಕಬ್ಬಿಣದ ಮಾತ್ರೆಯನ್ನು ನಿಂಬೆ ಪಾನಕದ ಜೊತೆ ನುಂಗುತ್ತಾಳೆ, ಕಾಫಿಯನ್ನು ಬೇಗ ಎದ್ದು ತಿಂಡಿಗೆ ಬಹಳ ಮುಂಚೆಯೇ ಮುಗಿಸುತ್ತಾಳೆ.

ನಿದ್ದೆಯದು ಎಲ್ಲರಿಗೂ ಗೊತ್ತಿರುವ ಮಾತು. ಕೆಫೀನ್‌ನ ಅರ್ಧ ಭಾಗ ಮೈಯಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕು, ಬಸುರಿಯರಿಗೆ ಇನ್ನೂ ಬಹಳ ಹೆಚ್ಚು. ಸಂಜೆ ಐದರ ಕಾಫಿಯ ಅರ್ಧ ಪಾಲು ರಾತ್ರಿ ಹತ್ತಕ್ಕೂ ರಕ್ತದಲ್ಲೇ ಇರುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಕಾಫಿಯ ಮೇಲೆ ಅನ್ಯಾಯದ ತೀರ್ಪು ಕೊಡಲಾರೆ. ನಿತ್ಯ ಕಾಫಿ ಕುಡಿಯುವವರಲ್ಲಿ ಸಕ್ಕರೆ ಕಾಯಿಲೆಯೂ ಲಿವರ್ ಸಿರೋಸಿಸ್ಸೂ ಕಡಿಮೆ ಎಂದು ದೊಡ್ಡ ಅಧ್ಯಯನಗಳು ಕಂಡಿವೆ. ಆದರೆ ಅವು ಬಹುಪಾಲು ಪಶ್ಚಿಮದ ದೇಶಗಳವು, ಅಲ್ಲಿನ ಕಪ್ಪಿನಲ್ಲಿ ನಮ್ಮಷ್ಟು ಸಕ್ಕರೆ ಇರುವುದಿಲ್ಲ. ದಿನಕ್ಕೆ ಮೂರು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದಾದರೆ ಆ ಲಾಭವನ್ನು ನಂಬಿ ಕೂರಬೇಡಿ. ಇನ್ನೊಂದು ಮಾತು ಎಣ್ಣೆಯದು. ಕಾಫಿಬೀಜದ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಂಬ ಅಂಶ ಕೆಟ್ಟ ಕೊಲೆಸ್ಟರಾಲ್ ಏರಿಸುತ್ತದೆ. ಕಾಗದದ ಫಿಲ್ಟರ್ ಅದನ್ನು ತಡೆಯುತ್ತದೆ, ನಮ್ಮ ಸ್ಟೀಲ್ ಫಿಲ್ಟರಿನ ತೂತುಗಳಿಗೆ ಅಷ್ಟು ಸಾಧ್ಯವಿಲ್ಲ. ಪುಡಿಯನ್ನು ನೀರಿನಲ್ಲೇ ಕುದಿಸಿ ಬಗ್ಗಿಸಿದ ಕಾಫಿಯಲ್ಲಿ ಅದು ಎಲ್ಲಕ್ಕಿಂತ ಹೆಚ್ಚು. ಕೊಲೆಸ್ಟರಾಲ್ ಹೆಚ್ಚಿರುವವರು ಕುದಿಸುವ ಪದ್ಧತಿಯನ್ನಾದರೂ ಬಿಡುವುದು ಒಳ್ಳೆಯದು.

ಕಾಫಿ ಕಡಿಮೆ ಮಾಡಬೇಕೆನ್ನುವವರು ಒಮ್ಮೆಗೇ ನಿಲ್ಲಿಸಬಾರದು. ವ್ರತದ ದಿನ ಅಮ್ಮನಿಗೆ ಬರುತ್ತಿದ್ದ ತಲೆನೋವನ್ನು ನಾವೆಲ್ಲ ಹಸಿವಿನದೆಂದೇ ತಿಳಿದಿದ್ದೆವು. ಅದು ಕೆಫೀನ್ ಸಿಗದ ನೋವು. ಕುಡಿಯುವುದು ನಿಂತು ಅರ್ಧ ದಿನದಿಂದ ಒಂದು ದಿನದೊಳಗೆ ಶುರುವಾಗಿ, ಕೆಲವರಿಗೆ ವಾರದವರೆಗೂ ಎಳೆಯುತ್ತದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಇರುತ್ತದೆ. ಆದ್ದರಿಂದ ಪುಡಿ ಅಂಗಡಿಯಲ್ಲಿ ಅರೇಬಿಕಾ ಕೇಳಿ, ತಿಂಗಳಿಗಿಷ್ಟು ಚಿಕೋರಿಯ ಪಾಲು ಏರಿಸುತ್ತ ಹೋದರೆ ಲೋಟದ ಬಣ್ಣ, ಕಹಿ ಎರಡೂ ಉಳಿದು ಕೆಫೀನ್ ಮಾತ್ರ ಇಳಿಯುತ್ತದೆ. ಅಮ್ಮ ಸಂಜೆಯ ಕಾಫಿಗೆಂದು ಇಂಥ ಪುಡಿಯ ಡಬ್ಬಿಯನ್ನು ಬೇರೆಯೇ ಇಟ್ಟಿದ್ದಾರೆ.