ಆಮೆಗೆ ಸಂಗೀತ ಕೇಳಿಸುವುದೆ?

ಕಾಲೇಜಿನ ಮೊದಲ ವರ್ಷದಲ್ಲಿ ಓದುತ್ತಿರುವ ನಮ್ಮ ಪರಿಚಯದ ಹುಡುಗನೊಬ್ಬ ಪಿಟೀಲು ಕಲಿಯುತ್ತಿದ್ದಾನೆ. ಅವನ ಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ. ಅದರಲ್ಲಿ ಅಂಗೈಯಗಲದ ಒಂದು ಆಮೆ. ಸಂಜೆ ಅವನು ಕಮಾನನ್ನು ಕೈಗೆತ್ತಿಕೊಂಡ ಸ್ವಲ್ಪ ಹೊತ್ತಿಗೆ ಆಮೆ ನೀರಿನಿಂದ ಕಲ್ಲಿನ ಮೇಲಕ್ಕೇರಿ, ಕತ್ತನ್ನು ನೀಳವಾಗಿ ಚಾಚಿ, ಅಲುಗದೆ ನಿಲ್ಲುತ್ತದಂತೆ. “ಮೋಹನ ನುಡಿಸಿದರೆ ಗಂಟಲನ್ನು ತಾಳಕ್ಕೆ ಸರಿಯಾಗಿ ಮಿಡಿಸುತ್ತದೆ, ಸಾರ್. ಅದಕ್ಕೆ ಸಂಗೀತ ತಿಳಿಯುತ್ತದೆಯೆ?” ಎಂದು ಅವನು ಕೇಳಿದಾಗ ಮನೆಯವರೆಲ್ಲ ನಕ್ಕರು. ಆದರೆ ನಕ್ಕು ತಳ್ಳಿಹಾಕುವ ಪ್ರಶ್ನೆ ಇದಲ್ಲ. ಇದರೊಳಗೆ ಮೂರು ಪ್ರಶ್ನೆಗಳು ಅಡಗಿವೆ: ಆಮೆಗೆ ಕಿವಿ ಕೇಳಿಸುವುದೆ? ಕೇಳಿಸಿದರೆ, ಒಂದು ಸ್ವರಕ್ಕೂ ಇನ್ನೊಂದು ಸ್ವರಕ್ಕೂ ಇರುವ ಭೇದ ಅದಕ್ಕೆ ತಿಳಿಯುವುದೆ? ಕೊನೆಯದಾಗಿ, ಆ ಸ್ವರಗಳಿಂದ ಅದಕ್ಕೆ ಸಂತೋಷವಾಗುವುದೆ? ಮೊದಲೆರಡಕ್ಕೆ ವಿಜ್ಞಾನವು ಸ್ಪಷ್ಟವಾದ ಉತ್ತರ ಕೊಡಬಲ್ಲುದು. ಮೂರನೆಯದರ ವಿಷಯದಲ್ಲಿ ನಾವು ಬಹಳ ಎಚ್ಚರದಿಂದಿರಬೇಕಾಗುತ್ತದೆ.

ಮೊದಲ ಪ್ರಶ್ನೆ ಬಹಳ ಹಳೆಯದು. ಇಂಗ್ಲೆಂಡಿನ ಸೆಲ್ಬೋರ್ನ್ ಗ್ರಾಮದ ಪ್ರಕೃತಿವೀಕ್ಷಕ ಗಿಲ್ಬರ್ಟ್ ವೈಟ್ ಎಂಬಾತ 1780ರಲ್ಲಿ ತನ್ನ ತೋಟಕ್ಕೆ ತಿಮೋತಿ ಎಂಬ ನೆಲದಾಮೆಯನ್ನು ತಂದುಕೊಂಡನು. ದೂರದಲ್ಲಿರುವವರನ್ನು ಕೂಗಿ ಕರೆಯುವ ಕಹಳೆಯೊಂದನ್ನು ಹಿಡಿದು ಆತ ಅದನ್ನು ಗಟ್ಟಿಯಾಗಿ ಕೂಗಿ ನೋಡಿದನು. ತಿಮೋತಿ ಆ ಗದ್ದಲವನ್ನು ಲಕ್ಷಿಸಿದಂತೆ ಕಾಣಲಿಲ್ಲ. (ತಿಮೋತಿ ಗಂಡಲ್ಲ, ಹೆಣ್ಣು ಎಂಬುದು ಅದು ಸತ್ತ ಮೇಲೆ ತಿಳಿದುಬಂದಿತು, ಎಷ್ಟೇ ಜಾಗರೂಕನಾದ ವೀಕ್ಷಕನೂ ಆಮೆಯ ವಿಷಯದಲ್ಲಿ ಮೋಸಹೋಗುವುದುಂಟು.) ಕೂಗಿದರೂ ಓಗೊಡದ ಪ್ರಾಣಿ ಕಿವುಡೆಂದು ಭಾವಿಸುವುದು ಸಹಜ. ಆದರೆ ಓಗೊಡದಿರುವುದು ಬೇರೆ, ಕೇಳಿಸದಿರುವುದು ಬೇರೆ. ಅಪಾಯದ ಸುಳಿವು ಸಿಕ್ಕಿದಾಗ ಮೊಲ ಓಡುತ್ತದೆ, ಹಕ್ಕಿ ಹಾರುತ್ತದೆ. ಆಮೆಯಾದರೋ ಇದ್ದಲ್ಲೇ ಇರುತ್ತದೆ. ಹೊತ್ತುಕೊಂಡ ಕೋಟೆಯೊಳಗೇ ವಾಸಮಾಡುವ ಪ್ರಾಣಿ ಸುಮ್ಮನಿರುವುದರಿಂದ ನಾವು ಯಾವ ತೀರ್ಮಾನಕ್ಕೂ ಬರುವಂತಿಲ್ಲ.

ಆಮೆಯ ತಲೆಯನ್ನು ಎಷ್ಟು ಹುಡುಕಿದರೂ ನಮ್ಮ ಕಿವಿಯಂಥ ಹಾಲೆಯಾಗಲಿ ರಂಧ್ರವಾಗಲಿ ಸಿಕ್ಕುವುದಿಲ್ಲ. ನಮ್ಮ ಹುಡುಗನ ಆಮೆ ಅಮೆರಿಕದ ಮಿಸಿಸಿಪಿ ನದಿಯ ಕಡೆಯಿಂದ ಬಂದು ಇಂದು ಲೋಕದ ಸಾಕುಪ್ರಾಣಿ ಅಂಗಡಿಗಳಲ್ಲೆಲ್ಲ ಹರಡಿಕೊಂಡಿರುವ ‘ಕೆಂಪುಕಿವಿ’ ಜಾತಿಯದು. ಆ ಹೆಸರಿಗೆ ಕಾರಣವಾದ ಕೆಂಪು ಪಟ್ಟೆ ಕಿವಿಯಲ್ಲ, ಕಣ್ಣಿನ ಹಿಂದೆ ಬಳಿದಂತಿರುವ ಬಣ್ಣ, ಅಷ್ಟೆ. ಆದರೂ ಹೆಸರಿಟ್ಟವರು ಬಹು ದೂರವೇನೂ ತಪ್ಪಲಿಲ್ಲ. ನಿಜವಾದ ಕಿವಿ ಅಲ್ಲೇ ಹತ್ತಿರದಲ್ಲಿ, ದವಡೆಯ ಕೀಲಿನ ಸಮೀಪ, ಚರ್ಮದ ಕೆಳಗೆ ಅಡಗಿದೆ. ಅಲ್ಲಿ ಚರ್ಮದ ಒಳಮಗ್ಗುಲಿಗೆ ಅಂಟಿಕೊಂಡು ಮೃದ್ವಸ್ಥಿಯ ಒಂದು ದುಂಡುಬಿಲ್ಲೆಯಿದೆ. ಇದೇ ಆಮೆಯ ಕಿವಿದಮಟೆ. ಅದರ ಹಿಂದೆ ಗಾಳಿ ತುಂಬಿದ ಒಂದು ಗೂಡು. ಬಿಲ್ಲೆಯಿಂದ ಹೊರಟ ತೆಳುವಾದ ಒಂದೇ ಮೂಳೆಯ ಕಡ್ಡಿ ಆ ಗೂಡನ್ನು ದಾಟಿ ಒಳಗಿವಿಯನ್ನು ಮುಟ್ಟುತ್ತದೆ. ನಮ್ಮ ನಡುಗಿವಿಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂದು ಮೂರು ಮೂಳೆಗಳಿವೆಯಷ್ಟೆ. ಆಮೆಗೆ ಈ ಕೆಲಸವನ್ನೆಲ್ಲ ಒಂದೇ ಕಡ್ಡಿ ಮಾಡಬೇಕು.

ಇಂಥ ಕಿವಿ ನಿಜವಾಗಿ ಕೆಲಸ ಮಾಡುವುದೆ ಎಂಬುದನ್ನು ಆಮೆಯನ್ನು ಕೇಳದೆಯೇ ತಿಳಿಯುವ ಉಪಾಯ 1930ರ ಹೊತ್ತಿಗೆ ದೊರೆಯಿತು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ವೀವರ್ ಮತ್ತು ಬ್ರೇ ಎಂಬ ವಿಜ್ಞಾನಿಗಳು ಬೆಕ್ಕಿನ ಶ್ರವಣನರಕ್ಕೆ ತಂತಿ ಸೇರಿಸಿ, ಅಲ್ಲಿ ಹುಟ್ಟುವ ಅತ್ಯಲ್ಪ ವಿದ್ಯುತ್ತನ್ನು ಹಿಗ್ಗಿಸಿ, ಟೆಲಿಫೋನಿಗೆ ಹಾಯಿಸಿದರು. ಒಬ್ಬರು ಬೆಕ್ಕಿನ ಕಿವಿಯಲ್ಲಿ ಮಾತನಾಡಿದರೆ ಬೇರೆ ಕೋಣೆಯಲ್ಲಿದ್ದ ಇನ್ನೊಬ್ಬರಿಗೆ ಆ ಮಾತು ಟೆಲಿಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು! ಮರುವರ್ಷವೇ ಅವರು ಇದೇ ವಿಧಾನವನ್ನು ಆಮೆಯ ಮೇಲೆ ಪ್ರಯೋಗಿಸಿದರು. ಆಮೆಯ ಕಿವಿಯೂ ಶಬ್ದಕ್ಕೆ ವಿದ್ಯುತ್ತಿನ ಉತ್ತರ ಕೊಟ್ಟಿತು, ಆದರೆ ತಗ್ಗು ಶ್ರುತಿಯ ಶಬ್ದಗಳಿಗೆ ಮಾತ್ರ.

ಕಿವಿ ಉತ್ತರಿಸಿದರೆ ಸಾಲದು. ಪ್ರಾಣಿಗೆ ಕೇಳಿಸಿತೆ ಎಂಬುದು ಅದರ ನಡತೆಯಿಂದಲೇ ಗೊತ್ತಾಗಬೇಕು. 1966ರಲ್ಲಿ ಪ್ಯಾಟರ್ಸನ್ ಎಂಬಾತ ಶಬ್ದ ಕೇಳಿಸಿದೊಡನೆ ತಲೆಯನ್ನು ಒಳಗೆಳೆದುಕೊಳ್ಳುವಂತೆ ಆಮೆಗಳನ್ನು ಪಳಗಿಸಿ, ಯಾವ ಶ್ರುತಿಯ ಎಷ್ಟು ಮೆಲ್ಲನೆಯ ಶಬ್ದದವರೆಗೆ ಅವು ತಲೆ ಎಳೆದುಕೊಳ್ಳುತ್ತವೆಂದು ಅಳೆದನು. ಇಂಥ ಅಳತೆಗಳಿಂದ ತಿಳಿದುಬರುವುದೇನೆಂದರೆ, ಕೊಳದ ಆಮೆಗಳಿಗೆ ಸೆಕೆಂಡಿಗೆ ಸುಮಾರು 50ರಿಂದ 1,000 ಕಂಪನಗಳವರೆಗಿನ ಶಬ್ದ ಕೇಳಿಸುತ್ತದೆ. ಅದರಲ್ಲಿಯೂ 200ರಿಂದ 600ರವರೆಗೆ ಕಿವಿ ಬಲು ಚುರುಕು. ಎಳೆಯ ಮನುಷ್ಯನ ಕಿವಿಯಾದರೋ 20ರಿಂದ 20,000 ಕಂಪನಗಳವರೆಗೆ ಹಿಡಿಯುತ್ತದೆ. ಚುರುಕಾದ ಶ್ರುತಿಯಲ್ಲಿಯೂ ಆಮೆಗೆ ಕೇಳಿಸಬೇಕಾದರೆ ಶಬ್ದವು ಗಾಳಿಯಲ್ಲಿ ಸುಮಾರು 40 ಡೆಸಿಬೆಲ್‌ನಷ್ಟಿರಬೇಕು. ಪ್ರತಿ 20 ಡೆಸಿಬೆಲ್‌ಗೆ ಶಬ್ದದ ಒತ್ತಡ ಹತ್ತು ಪಟ್ಟಾಗುವುದರಿಂದ, ನಮಗೆ ಕೇಳಿಸುವ ಅತಿ ಸಣ್ಣ ಸದ್ದಿಗಿಂತ ಹೆಚ್ಚು ಕಡಮೆ ನೂರರಷ್ಟು ಒತ್ತಡ ಆಮೆಗೆ ಬೇಕೆಂದಾಯಿತು. ಪಿಸುಮಾತು ಅದಕ್ಕೆ ತಲುಪದು. ಸಾಧಾರಣ ಮಾತಿನ ತಗ್ಗು ಭಾಗ ತಲುಪುತ್ತದೆ.

ಈ ಅಂಕಿಗಳನ್ನು ಸಂಗೀತಕ್ಕೆ ಹಚ್ಚಿ ನೋಡೋಣ. ಗಾಯಕಿಯೊಬ್ಬಳು ಸೆಕೆಂಡಿಗೆ 200 ಕಂಪನಗಳ ಷಡ್ಜವನ್ನಿಟ್ಟುಕೊಂಡು ಹಾಡುತ್ತಾಳೆಂದುಕೊಳ್ಳಿ. ಮಂದ್ರ ಪಂಚಮ 150, ಮಧ್ಯ ಪಂಚಮ 300, ತಾರ ಷಡ್ಜ 400, ತಾರ ಪಂಚಮ 600. ಇವೆಲ್ಲವೂ ಆಮೆಯ ಕಿವಿಯ ಎಲ್ಲೆಯೊಳಗೇ ಇವೆ! ಆದುದರಿಂದ ರಾಗದ ಆರೋಹಣ ಅವರೋಹಣಗಳು ಅದರ ಕಿವಿಯನ್ನು ಹೊಗುತ್ತವೆನ್ನಲು ಅಡ್ಡಿಯಿಲ್ಲ. ಆದರೆ ಒಂದು ಸ್ವರವೆಂದರೆ ಒಂದೇ ಕಂಪನವಲ್ಲ. 400 ಕಂಪನಗಳ ತಾರ ಷಡ್ಜದೊಡನೆ 800, 1,200, 1,600 ಎಂದು ಮೇಲುಸ್ವರಗಳು ಬೆರೆತಿರುತ್ತವೆ. ಪಿಟೀಲು ಪಿಟೀಲಿನಂತೆಯೂ ಕೊಳಲು ಕೊಳಲಿನಂತೆಯೂ ಕೇಳಿಸುವುದು ಬಹುಮಟ್ಟಿಗೆ ಈ ಮೇಲುಸ್ವರಗಳ ಬೆರಕೆಯಿಂದ. 1,000ಕ್ಕೆ ಮೇಲ್ಪಟ್ಟವುಗಳೆಲ್ಲ ಆಮೆಯ ಪಾಲಿಗೆ ಇಲ್ಲದಂತೆಯೇ. ಆದ್ದರಿಂದ ತಾರಸ್ಥಾಯಿಯಲ್ಲಿ ಅದಕ್ಕೆ ಪಿಟೀಲೂ ಕೊಳಲೂ ಬಹುತೇಕ ಒಂದೇ ಬಗೆಯ ಗುಂಯ್‌ಗಾನವಾಗಿ ಕೇಳಿಸಬೇಕೆಂದು ಊಹಿಸಬಹುದು. ತಾಳದ ಕಿಣಿಕಿಣಿ, ಸಾಹಿತ್ಯದ ‘ಸ’ಕಾರ ‘ಶ’ಕಾರಗಳು ಅದನ್ನು ಮುಟ್ಟುವುದೇ ಇಲ್ಲ. ಪಕ್ಕದ ಮನೆಯಲ್ಲಿ ನಡೆಯುವ ಕಚೇರಿಯನ್ನು ಗೋಡೆಯ ಈಚೆಯಿಂದ ಕೇಳುವುದನ್ನು ನೆನೆಸಿಕೊಂಡರೆ ಆಮೆಯ ಅನುಭವ ನಮಗೆ ಸ್ವಲ್ಪ ಅರ್ಥವಾದೀತು.

ಇನ್ನು ಸ್ವರಭೇದದ ಪ್ರಶ್ನೆ. ಇದರ ಉತ್ತರವೇ ಈ ಇಡೀ ವಿಷಯದಲ್ಲಿ ಅತ್ಯಂತ ಸ್ವಾರಸ್ಯವಾದುದೆಂದು ನನ್ನ ಅಭಿಪ್ರಾಯ. ಮನುಷ್ಯನ ಒಳಗಿವಿಯಲ್ಲಿ ಶಂಖದಂತೆ ಸುರುಳಿಸುತ್ತಿದ ನಾಳವಿದೆ. ಅದರೊಳಗಿನ ಉದ್ದವಾದ ಪೊರೆ ಬೇರೆ ಬೇರೆ ಶ್ರುತಿಗಳಿಗೆ ಬೇರೆ ಬೇರೆ ಎಡೆಯಲ್ಲಿ ಹೆಚ್ಚಾಗಿ ಕಂಪಿಸುತ್ತದೆಂಬುದನ್ನು ತೋರಿಸಿಕೊಟ್ಟ ಬೇಕೆಸಿಗೆ 1961ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಆಮೆಯ ಕಿವಿಯಲ್ಲಿ ಅಂಥ ಶಂಖವಿಲ್ಲ. ಸುಮಾರು ಒಂದು ಮಿಲಿಮೀಟರ್ ಉದ್ದದ ಪಟ್ಟಿಯ ಮೇಲೆ ಹೆಚ್ಚು ಕಡಮೆ ಒಂದು ಸಾವಿರ ರೋಮಕೋಶಗಳು ಸಾಲಾಗಿವೆ, ಅಷ್ಟೆ. ಹಾಗಿದ್ದರೂ ಅದಕ್ಕೆ ಶ್ರುತಿಗಳನ್ನು ಬೇರ್ಪಡಿಸುವ ಶಕ್ತಿ ಎಲ್ಲಿಂದ ಬಂತು? ಕೇಂಬ್ರಿಜ್‌ನಲ್ಲಿ ಕ್ರಾಫರ್ಡ್ ಮತ್ತು ಫೆಟಿಪ್ಲೇಸ್ ಎಂಬುವರು ಕೂದಲಿಗಿಂತ ಎಷ್ಟೋ ಸಣ್ಣ ಗಾಜಿನ ಸೂಜಿಯನ್ನು ಇದೇ ಕೆಂಪುಕಿವಿ ಆಮೆಯ ಒಂದೊಂದೇ ರೋಮಕೋಶದೊಳಗೆ ಇಳಿಸಿ ಪರೀಕ್ಷಿಸಿದರು. 1981ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಅಚ್ಚರಿಯದು. ಯಾವ ಶಬ್ದವನ್ನೂ ಕೇಳಿಸದೆ, ಕೋಶಕ್ಕೆ ವಿದ್ಯುತ್ತಿನ ಒಂದು ಸಣ್ಣ ತಟ್ಟು ಕೊಟ್ಟರೆ ಸಾಕು, ಅದರ ವಿದ್ಯುದ್ಬಲ ಮೀಟಿದ ತಂತಿಯಂತೆ ಏರಿಳಿದು ಮೆಲ್ಲನೆ ಅಡಗುತ್ತಿತ್ತು. ಒಂದೊಂದು ಕೋಶಕ್ಕೆ ಒಂದೊಂದು ವೇಗ. ಆ ಕೋಶಕ್ಕೆ ಅತ್ಯಂತ ಚೆನ್ನಾಗಿ ಕೇಳಿಸುವ ಶ್ರುತಿಯೂ ಅದೇ! ಕೋಶದ ಪೊರೆಯಲ್ಲಿರುವ ಅತಿ ಸಣ್ಣ ದ್ವಾರಗಳ ಮೂಲಕ ಮೊದಲು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದು ಪೊಟಾಸಿಯಂನ ದ್ವಾರಗಳನ್ನು ತೆರೆಯಿಸುತ್ತದೆ. ಪೊಟಾಸಿಯಂ ಹೊರಹರಿದು ವಿದ್ಯುದ್ಬಲವನ್ನು ಹಿಂದಕ್ಕೆಳೆಯುತ್ತದೆ. ಈ ಜಗ್ಗಾಟವೇ ಆ ಏರಿಳಿತ. ದ್ವಾರಗಳ ಸಂಖ್ಯೆಯೂ ಚುರುಕೂ ಸಾಲಿನ ಉದ್ದಕ್ಕೂ ಬದಲಾಗುತ್ತ ಹೋಗುವುದರಿಂದ ಕೋಶಗಳು ಸಾಲಾಗಿ ಶ್ರುತಿಮಾಡಿದ ತಂತಿಗಳಂತಿವೆ. ಸರಸ್ವತಿಯ ವೀಣೆಗೆ ‘ಕಚ್ಛಪಿ’ ಎಂಬ ಹೆಸರಿದೆ. ಗ್ರೀಕರ ಕಥೆಯಲ್ಲಿ ಹರ್ಮಿಸ್ ದೇವತೆ ಆಮೆಯ ಚಿಪ್ಪಿಗೆ ತಂತಿ ಕಟ್ಟಿ ಮೊದಲ ಲೈರ್ ವಾದ್ಯವನ್ನು ಮಾಡಿದನು. ಪೂರ್ವಿಕರು ವಾದ್ಯವನ್ನು ಕಂಡದ್ದು ಆಮೆಯ ಬೆನ್ನಿನಲ್ಲಿ. ಶ್ರುತಿಮಾಡಿದ ತಂತಿಗಳಿದ್ದದ್ದು ಅದರ ಕಿವಿಯಲ್ಲಿ.

ನೀರಿನ ವಿಷಯವನ್ನು ಬಿಟ್ಟರೆ ಆಮೆಯ ಕಿವಿಯ ಅರ್ಧ ಕಥೆ ಹೇಳಿದಂತಾಗುತ್ತದೆ. ಗಾಳಿಯ ಶಬ್ದ ನೀರಿನ ಮೇಲೆ ಬಿದ್ದಾಗ ಅದರ ಶಕ್ತಿಯಲ್ಲಿ ಸಾವಿರದಲ್ಲೊಂದು ಪಾಲು ಮಾತ್ರ ಒಳಹೊಕ್ಕು ಉಳಿದುದು ಹಿಂದಿರುಗುತ್ತದೆ. ಆದುದರಿಂದ ಆಮೆ ಮುಳುಗಿರುವಾಗ ಕೋಣೆಯ ಪಿಟೀಲು ಅದಕ್ಕೆ ಬಹಳ ಕ್ಷೀಣ. ಆದರೆ ನೀರಿನಲ್ಲೇ ಹುಟ್ಟಿದ ಶಬ್ದಕ್ಕೆ ಅದರ ಕಿವಿ ಹೇಳಿ ಮಾಡಿಸಿದಂತಿದೆ. ಕಿವಿದಮಟೆಯ ಹಿಂದಿನ ಗಾಳಿಗೂಡು ನೀರಿನಲ್ಲಿ ಒಂದು ಗುಳ್ಳೆಯಂತೆ ಹಿಗ್ಗಿ ಕುಗ್ಗಿ ಬಿಲ್ಲೆಯನ್ನು ಕಂಪಿಸುವಂತೆ ಮಾಡುತ್ತದೆಂದು 2012ರಲ್ಲಿ ಡೆನ್ಮಾರ್ಕಿನ ಕ್ರಿಸ್ಟೆನ್ಸನ್-ಡಾಲ್ಸ್‌ಗಾರ್ಡ್ ಮತ್ತು ಸಂಗಡಿಗರು ತೋರಿಸಿದರು. ಹಾಗಾದರೆ ನೀರಿನಲ್ಲಿ ಕೇಳತಕ್ಕದ್ದೇನಿದೆ? ಬಹುಕಾಲ ಮೂಕವೆಂದೇ ಎಣಿಸಲ್ಪಟ್ಟಿದ್ದ ಈ ಪ್ರಾಣಿಗಳು ತಾವೇ ಸದ್ದುಮಾಡುತ್ತವೆ. ಅಮೆಜಾನ್ ಪ್ರದೇಶದ ದೊಡ್ಡ ನದಿಯಾಮೆಗಳಲ್ಲಿ ತಾಯಿಯಾಮೆಗಳೂ ಮರಿಗಳೂ ತಗ್ಗುದನಿಯಲ್ಲಿ ಸದ್ದುಮಾಡುತ್ತ, ಕೂಡಿಕೊಂಡು ವಲಸೆ ಹೋಗುವುದು 2013ರಲ್ಲಿ ವರದಿಯಾಯಿತು. 2022ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ 50 ಜಾತಿಯ ಆಮೆಗಳ ಧ್ವನಿಯನ್ನು ಮುದ್ರಿಸಿಕೊಂಡಿತು.

ಈಗ ನಮ್ಮ ಹುಡುಗನ ಆಮೆಗೆ ಬರೋಣ. ಕೇಳಿಸುವುದು ನಿಜ, ಶ್ರುತಿ ಬೇರ್ಪಡುವುದೂ ನಿಜ. ಆದರೆ ಗಂಟಲಿನ ಮಿಡಿತ ತಾಳವಲ್ಲ. ವಾಸನೆ ಹಿಡಿಯಲು ಆಮೆ ಗಂಟಲನ್ನು ಹಾಗೆ ಮಿಡಿಸುತ್ತಲೇ ಇರುತ್ತದೆ, ಸಂಗೀತವಿರಲಿ ಬಿಡಲಿ. ಕಲ್ಲಿನ ಮೇಲೇರಿ ಕತ್ತು ಚಾಚುವುದು ಮೈ ಕಾಯಿಸಿಕೊಳ್ಳುವ ಭಂಗಿಯೂ ಹೌದು. ಕೆಲವರು ಹೇಳುವಂತೆ ಮುಂಗಾಲಿನ ಉಗುರುಗಳನ್ನು ಪಟಪಟನೆ ಅದುರಿಸುವುದು ಕುಣಿತವಲ್ಲ, ಗಂಡಾಮೆ ಹೆಣ್ಣನ್ನು ಓಲೈಸುವ ರೀತಿ. ಇಷ್ಟೇ ಅಲ್ಲದೆ, ಶಬ್ದವು ಮೈಗೆ ತಾಗುವ ನಡುಕವಾಗಿಯೂ ಬರಬಹುದು. ಡಾರ್ವಿನ್ 1881ರಲ್ಲಿ ಪ್ರಕಟಿಸಿದ ಎರೆಹುಳುಗಳ ಗ್ರಂಥದಲ್ಲಿ ಇದಕ್ಕೊಂದು ಸೊಗಸಾದ ನಿದರ್ಶನವಿದೆ. ಪಿಯಾನೋದ ಹತ್ತಿರ ಮೇಜಿನ ಮೇಲಿಟ್ಟಾಗ ಎಷ್ಟು ಗಟ್ಟಿಯಾಗಿ ನುಡಿಸಿದರೂ ಕದಲದ ಹುಳುಗಳು, ಕುಂಡವನ್ನು ಪಿಯಾನೋದ ಮೇಲೆಯೇ ಇಟ್ಟು ಒಂದು ಮಂದ್ರಸ್ವರವನ್ನು ಒತ್ತಿದ ಕೂಡಲೇ ಬಿಲ ಸೇರಿದವು! ಹುಳು ಕೇಳಲಿಲ್ಲ, ಮುಟ್ಟಿ ತಿಳಿಯಿತು. ತೊಟ್ಟಿಯ ಮುಚ್ಚಳದ ಮೇಲೆ ರೇಡಿಯೋ ಇಟ್ಟವರು ಇದನ್ನು ನೆನಪಿನಲ್ಲಿಡಬೇಕು. ಅಲ್ಲಿ ಗಾಜು ಕಂಪಿಸಿ ಶಬ್ದ ನೇರವಾಗಿ ನೀರಿಗಿಳಿಯುತ್ತದೆ. ಆಮೆಗೆ ತಪ್ಪಿಸಿಕೊಂಡು ಹೋಗಲು ಬೇರೆ ಎಡೆಯಿಲ್ಲ. ನೀರಿನೊಳಗೆ ಜೋರಾದ ಗದ್ದಲವನ್ನು ಕೇಳಿಸಿದಾಗ ಕೆಂಪುಕಿವಿ ಆಮೆಗಳ ಶ್ರವಣಶಕ್ತಿ ತಾತ್ಕಾಲಿಕವಾಗಿ ಕುಂದಿ ಮತ್ತೆ ಸರಿಹೋದುದು 2023ರ ಅಧ್ಯಯನವೊಂದರಲ್ಲಿ ಕಂಡುಬಂದಿದೆ.

(ನಮ್ಮ ನಾಡಿನ ನಕ್ಷತ್ರಾಮೆಯನ್ನು ಹಿಡಿದು ತಂದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಸಾಕಿ ಬೇಸರವಾದ ಕೆಂಪುಕಿವಿಯನ್ನು ಕೆರೆಗೆ ಬಿಡುವುದೂ ತಪ್ಪೇ; ಅದು ಅಲ್ಲಿನ ಆಮೆಗಳ ಅನ್ನವನ್ನೂ ಬಿಸಿಲುಗಲ್ಲನ್ನೂ ಕಸಿದುಕೊಳ್ಳುತ್ತದೆ.)

ಹುಡುಗನಿಗೆ ನಾನು ಒಂದು ಪರೀಕ್ಷೆಯನ್ನು ಸೂಚಿಸಿದೆ. ಪ್ರತಿ ಸಂಜೆ ನಾಣ್ಯ ಚಿಮ್ಮಬೇಕು. ರಾಜನ ಮುಖ ಎಂದು ನಾವು ಹಿಂದೆ ಹೇಳುತ್ತಿದ್ದ ಮಗ್ಗುಲು ಬಿದ್ದರೆ ಎಂದಿನ ಜಾಗದಲ್ಲಿ ಕುಳಿತು ಪಿಟೀಲನ್ನು ಹಿಡಿದುಕೊಳ್ಳಬೇಕು, ನುಡಿಸಕೂಡದು. ಇನ್ನೊಂದು ಮಗ್ಗುಲು ಬಿದ್ದರೆ ಆಮೆಗೆ ಕಾಣದಂತೆ ಪರದೆಯ ಹಿಂದೆ ನಿಂತು ನುಡಿಸಬೇಕು. ಆಮೆ ಕಲ್ಲನ್ನು ಏರಿತೋ ಇಲ್ಲವೋ ಎಂಬುದನ್ನು, ಅಂದು ಏನು ನಡೆಯಿತೆಂಬುದನ್ನು ತಿಳಿಯದ ತಂಗಿ ಬಂದು ನೋಡಿ ಬರೆದಿಡಬೇಕು. ಎರಡು ವಾರ ಕಳೆದ ಮೇಲೆ ಅವನು ಪುಸ್ತಕ ತಂದು ತೋರಿಸಿದ. ಮುಖ ಸ್ವಲ್ಪ ಬಾಡಿತ್ತು. ಪರದೆಯ ಹಿಂದಿನ ಮೋಹನಕ್ಕೆ ಆಮೆ ಹೆಚ್ಚಾಗಿ ನೀರಿನಲ್ಲೇ ಉಳಿದಿತ್ತು. ಮೂಕವಾಗಿ ಪಿಟೀಲು ಹಿಡಿದು ಕುಳಿತ ಸಂಜೆಗಳಲ್ಲಿ ತಪ್ಪದೆ ಕಲ್ಲನ್ನು ಏರಿತ್ತು. “ಅಭ್ಯಾಸ ಮುಗಿದ ಮೇಲೆ ಏನು ಮಾಡುತ್ತೀಯೆ?” ಎಂದು ಕೇಳಿದೆ. “ಅದಕ್ಕೆ ಊಟ ಹಾಕುತ್ತೇನೆ, ಸಾರ್.”

ಆಮೆ ಕಲಿತಿತ್ತು, ಅವನನ್ನು. ಈಗ ಅವನು ಇನ್ನೊಂದು ಪರೀಕ್ಷೆಯನ್ನು ತಾನೇ ಹೂಡಿದ್ದಾನೆ. ಪರದೆಯ ಹಿಂದಿನಿಂದ ಒಂದು ತಗ್ಗು ಸ್ವರ ನುಡಿಸಿದ ಬಳಿಕ ಆಹಾರ ಹಾಕುತ್ತಾನೆ. ಒಂದು ಮೇಲಿನ ಸ್ವರ ನುಡಿಸಿದ ಬಳಿಕ ಹಾಕುವುದಿಲ್ಲ. ಮೂರು ವಾರವಾಯಿತು. ತಂಗಿಯ ಲೆಕ್ಕದ ಪುಸ್ತಕ ಇನ್ನೂ ತುಂಬಿಲ್ಲ.