ಕಡಲ ಮುಳ್ಳುಚೆಂಡು

ಪಶ್ಚಿಮ ಕರಾವಳಿಯಲ್ಲಿ ಕಡಲು ಇಳಿದಾಗ, ಬಂಡೆಗಳ ಸಂದಿಗಳಲ್ಲಿ ಉಪ್ಪುನೀರು ನಿಂತ ಸಣ್ಣ ಸಣ್ಣ ಹೊಂಡಗಳು ಕಾಣುತ್ತವೆ. ಅವುಗಳೊಳಗೆ ಇಣಿಕಿದರೆ ಕೆಲವೊಮ್ಮೆ ಕಪ್ಪು ಮುಳ್ಳುಗಳ ಉಂಡೆಯೊಂದು ಕಲ್ಲಿಗೆ ಅಂಟಿಕೊಂಡಿರುವುದು ಕಣ್ಣಿಗೆ ಬೀಳುತ್ತದೆ. ಮೊದಲ ನೋಟಕ್ಕೆ ಅದು ಯಾವುದೋ ಗಿಡದ ಕಾಯಿಯಂತೆ ತೋರುತ್ತದೆ. ಸ್ವಲ್ಪ ಹೊತ್ತು ಕಾದು ನೋಡಿದರೆ ಮುಳ್ಳುಗಳು ಮೆಲ್ಲಗೆ ಅಲುಗುತ್ತವೆ. ಉಂಡೆ ಇದ್ದಲ್ಲಿಂದ ಸರಿಯುತ್ತದೆ. ಇದೇ ಕಡಲ ಮುಳ್ಳುಚೆಂಡು. ಇಂಗ್ಲಿಷಿನಲ್ಲಿ ಇದಕ್ಕೆ ಸೀ ಅರ್ಚಿನ್ ಎಂದು ಹೆಸರು. ನಕ್ಷತ್ರಮೀನು, ಕಡಲಸೌತೆಗಳಂತೆ ಇದೂ ಕಂಟಕಚರ್ಮಿಗಳ ವಂಶಕ್ಕೆ ಸೇರಿದ ಪ್ರಾಣಿ.

ಈ ಪ್ರಾಣಿಯ ರಚನೆ ವಿಚಿತ್ರವಾದುದು. ಸುಣ್ಣದ ಬಿಲ್ಲೆಗಳು ಒಂದಕ್ಕೊಂದು ಬೆಸೆದು ಆದ ಗುಂಡನೆಯ ಕವಚವೇ ಇದರ ಮನೆ. ಕವಚದ ಮೇಲೆ ಎತ್ತ ಬೇಕಾದರೂ ತಿರುಗಬಲ್ಲ ಮುಳ್ಳುಗಳು. ಮುಳ್ಳುಗಳ ನಡುವೆ ನೂರಾರು ಕೊಳವೆಗಾಲುಗಳು. ಒಳಗಿನ ನೀರಿನ ಒತ್ತಡದಿಂದ ಈ ಕಾಲುಗಳು ಚಾಚಿಕೊಳ್ಳುತ್ತವೆ. ತುದಿಯ ಬಟ್ಟಲುಗಳಿಂದ ಕಲ್ಲನ್ನು ಹಿಡಿದುಕೊಳ್ಳುತ್ತವೆ. ಬಾಯಿ ಇರುವುದು ಕೆಳಗಡೆ. ಅಲ್ಲಿ ಐದು ಹಲ್ಲುಗಳನ್ನು ಒಟ್ಟುಗೂಡಿಸಿದ ಒಂದು ಯಂತ್ರವೇ ಇದೆ. ಗ್ರೀಸ್ ದೇಶದ ತತ್ತ್ವಜ್ಞಾನಿ ಅರಿಸ್ಟಾಟಲ್ ಇದನ್ನು ಲಾಂದ್ರಕ್ಕೆ ಹೋಲಿಸಿದನು. ಆದುದರಿಂದ ಇಂದಿಗೂ ಅದು ‘ಅರಿಸ್ಟಾಟಲನ ಲಾಂದ್ರ’ ಎಂದೇ ಪ್ರಸಿದ್ಧವಾಗಿದೆ. ಹಲ್ಲುಗಳು ಸವೆದಂತೆಲ್ಲ ಬೆಳೆಯುತ್ತವೆ. ಅವುಗಳಿಂದ ಬಂಡೆಯ ಪಾಚಿಯನ್ನು ಕೆರೆದು ತಿಂದು ಮುಳ್ಳುಚೆಂಡು ಬದುಕುತ್ತದೆ.

ಇಷ್ಟೊಂದು ಮುಳ್ಳುಗಳನ್ನು ಹೊತ್ತ ಪ್ರಾಣಿಗೆ ಯಾವುದರ ಭಯ ಎಂದು ನೀವು ಕೇಳಬಹುದು. ಇದಕ್ಕೆ ಭಯವಿರುವುದು ನೀರಿನಿಂದಲೇ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಮಳೆಗಾಲದ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಬೇಸಿಗೆಯಲ್ಲಿ ಉಬ್ಬರದೊಡನೆ ಉಪ್ಪುನೀರು ಕಾಳಿ ನದಿಯೊಳಕ್ಕೆ ಏರಿ ಬರುತ್ತದೆ. ಮಳೆಗಾಲದಲ್ಲಿ ಅದೇ ನದಿ ಕೆಂಪಾಗಿ ತುಂಬಿ, ಕಿನ್ನರ, ಕಡವಾಡಗಳ ಸೀಮೆಯನ್ನು ದಾಟಿ, ಕೋಡಿಬಾಗದ ಬಳಿ ಕಡಲಿಗೆ ಸಿಹಿನೀರನ್ನು ಸುರಿಯುತ್ತದೆ. ನದೀಮುಖದ ಬಳಚು ಚಿಪ್ಪನ್ನು ಬಿಗಿಯಾಗಿ ಮುಚ್ಚಿಕೊಂಡು ಆ ದಿನಗಳನ್ನು ಕಳೆಯಬಲ್ಲದು. ಮುಳ್ಳುಚೆಂಡಿಗೆ ಮುಚ್ಚಿಕೊಳ್ಳಲು ಬಾಗಿಲಿಲ್ಲ. ಹೊರಗಿನ ನೀರು ಎಷ್ಟು ಉಪ್ಪಾಗಿದೆಯೋ ಅದರ ಒಡಲಿನ ರಸವೂ ಅಷ್ಟೇ ಉಪ್ಪಾಗಿರುತ್ತದೆ. ಉಪ್ಪಿನ ಪ್ರಮಾಣ ಏಕಾಏಕಿ ಏರುಪೇರಾದರೆ ಅದು ತಾಳಲಾರದು.

ಇಂಥ ಪ್ರಾಣಿಯನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಲಹಬಹುದೆ? ಸಲಹಬಹುದು, ಆದರೆ ಕಡಲು ಮಾಡುತ್ತಿದ್ದ ಕೆಲಸವನ್ನೆಲ್ಲ ಸಾಕುವವನೇ ಮಾಡಬೇಕಾಗುತ್ತದೆ. 1846ರಲ್ಲಿ ಅನ್ನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಕಡಲತೀರದಿಂದ ಕೆಲವು ಹವಳದ ಜೀವಿಗಳನ್ನು ಲಂಡನ್ನಿನ ತನ್ನ ಮನೆಗೆ ತಂದಳು. ನೀರಿಗೆ ಗಾಳಿ ಬೆರೆಯಲೆಂದು ಅವಳ ಮನೆಯಲ್ಲಿ ದಿನವೂ ತೆರೆದ ಕಿಟಕಿಯ ಮುಂದೆ ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದರು. ಅಲೆಗಳ ಕೆಲಸವನ್ನು ಅಲ್ಲಿ ಮನುಷ್ಯರ ಕೈಗಳು ಮಾಡುತ್ತಿದ್ದವು. ಇಂದು ಆ ಕೆಲಸವನ್ನು ವಿದ್ಯುತ್ ಪಂಪು ಮಾಡುತ್ತದೆ.

ಆದರೆ ಗಾಳಿಯೊಂದೇ ಸಾಲದು. ಪ್ರಾಣಿಯ ಮಲದಿಂದಲೂ ಉಳಿದ ಆಹಾರದಿಂದಲೂ ನೀರಿನಲ್ಲಿ ಅಮೋನಿಯ ಹುಟ್ಟುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟು ಅಪಾಯಕಾರಿಯಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಲದ ಮಣ್ಣಿನಲ್ಲಿ ನಡೆಯುವ ಕ್ರಿಯೆಯೇ ಇದು. ಹೊಸ ತೊಟ್ಟಿಯಲ್ಲಿ ಈ ಜೀವಾಣುಗಳು ನೆಲೆಯೂರಲು ನಾಲ್ಕರಿಂದ ಆರು ವಾರಗಳು ಬೇಕು. ಅಲ್ಲಿಯವರೆಗೆ ಮುಳ್ಳುಚೆಂಡನ್ನು ತರಬಾರದು. ತೊಟ್ಟಿ ಕಣ್ಣಿಗೆ ಎಷ್ಟೇ ತಿಳಿಯಾಗಿ ಕಂಡರೂ ಅದು ಇನ್ನೂ ಬದುಕಲು ತಕ್ಕ ಸ್ಥಳವಾಗಿರುವುದಿಲ್ಲ.

ಉಪ್ಪಿನ ಲೆಕ್ಕದಲ್ಲಿ ಹೊಸಬರು ಮಾಡುವ ತಪ್ಪೊಂದಿದೆ. ಕಡಲಿನ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ತೊಟ್ಟಿಯ ನೀರು ಇಳಿದುದನ್ನು ಕಂಡು ಅವರು ಮತ್ತೆ ಉಪ್ಪುನೀರನ್ನೇ ತುಂಬುತ್ತಾರೆ. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನಾಗರಗಳನ್ನು ನೆನೆಯಿರಿ. ಬಿಸಿಲಿಗೆ ನೀರು ಆವಿಯಾಗುತ್ತದೆ. ಉಪ್ಪು ನೆಲದಲ್ಲೇ ಉಳಿಯುತ್ತದೆ. ತೊಟ್ಟಿಯಲ್ಲಿಯೂ ಹಾಗೆಯೇ. ಆದುದರಿಂದ ಆರಿಹೋದಷ್ಟನ್ನು ಕ್ಲೋರಿನ್ ಇಲ್ಲದ ಶುದ್ಧವಾದ ಸಿಹಿನೀರಿನಿಂದ ದಿನವೂ ಸ್ವಲ್ಪಸ್ವಲ್ಪವಾಗಿ ತುಂಬಬೇಕು. ಬದಲಿಗೆ ನೈಟ್ರೇಟನ್ನು ತಗ್ಗಿಸಲು ವಾರಕ್ಕೊಮ್ಮೆ ಸುಮಾರು ಹತ್ತರಲ್ಲೊಂದು ಭಾಗ ನೀರನ್ನು ತೆಗೆದಾಗ ಮಾತ್ರ, ಅದರ ಸ್ಥಾನಕ್ಕೆ ಅಷ್ಟೇ ಉಪ್ಪಿರುವ ಹೊಸ ನೀರನ್ನು ಹಾಕಬೇಕು. ಅಡುಗೆಯ ಉಪ್ಪು ಇದಕ್ಕೆ ಒದಗದು. ಕವಚ ಬೆಳೆಯಲು ಬೇಕಾದ ಕ್ಯಾಲ್ಸಿಯಂ ಮೊದಲಾದವು ಅದರಲ್ಲಿ ಸಾಕಷ್ಟು ಇರುವುದಿಲ್ಲ.

ಹೊಸದಾಗಿ ತಂದ ಪ್ರಾಣಿಯನ್ನು ಒಮ್ಮೆಗೇ ತೊಟ್ಟಿಗೆ ಬಿಡದೆ, ಅದು ಬಂದ ನೀರಿಗೆ ತೊಟ್ಟಿಯ ನೀರನ್ನು ತೊಟ್ಟುತೊಟ್ಟಾಗಿ ಬೆರೆಸಬೇಕು. ಉಷ್ಣವಲಯದ ಜಾತಿಗಳಿಗೆ 24ರಿಂದ 26 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತಕರ. ಕಲ್ಲಿನ ಪಾಚಿ ಮುಗಿದ ಮೇಲೆ ಕಡಲಪಾಚಿಯನ್ನು ಆಹಾರವಾಗಿ ಕೊಡಬೇಕು; ಇಲ್ಲವಾದರೆ ಅದು ಸದ್ದಿಲ್ಲದೆ ಹಸಿವಿನಿಂದ ಸಾಯುತ್ತದೆ. ಮೀನುಗಳ ರೋಗಕ್ಕೆ ಬಳಸುವ ತಾಮ್ರದ ಔಷಧಿ ಇದಕ್ಕೆ ಮಾರಕ. ಮುಳ್ಳುಗಳು ಬಾಗಿ ಉದುರತೊಡಗಿದರೆ ನೀರು ಕೆಟ್ಟಿತೆಂದೇ ತಿಳಿಯಬೇಕು. ಈ ಪ್ರಾಣಿ ಕೂಗಲಾರದು. ಮುಳ್ಳೇ ಅದರ ಮಾತು.

ಇಷ್ಟು ಸಣ್ಣ ಜೀವಿಯ ವಿಷಯದಲ್ಲಿ ಇಷ್ಟೊಂದು ಕಾಳಜಿ ಏಕೆ? 1983ರಲ್ಲಿ ಪನಾಮಾ ದೇಶದ ತೀರದಲ್ಲಿ ಕಾಣಿಸಿಕೊಂಡ ರೋಗವೊಂದು ಸುಮಾರು ಒಂದು ವರ್ಷದೊಳಗೆ ಕೆರಿಬಿಯನ್ ಕಡಲನ್ನೆಲ್ಲ ವ್ಯಾಪಿಸಿ, ಅಲ್ಲಿನ ಉದ್ದಮುಳ್ಳಿನ ಮುಳ್ಳುಚೆಂಡುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವನ್ನು ಕೊಂದಿತು. ಜಮೈಕಾ ದ್ವೀಪದ ಸುತ್ತ ಪಾಚಿ ತಿನ್ನುವ ಮೀನುಗಳನ್ನು ಜನರು ಅದಕ್ಕೆ ಮೊದಲೇ ಮಿತಿಮೀರಿ ಹಿಡಿದಿದ್ದರು. ಪಾಚಿಯನ್ನು ಮೇಯುವವರಿಲ್ಲದೆ ಅದು ಹವಳದ ದಿಬ್ಬಗಳನ್ನು ಮುಚ್ಚಿತು. ಯಾರೂ ಗಮನಿಸದೆ ಇದ್ದ ಒಂದು ಪ್ರಾಣಿ ಎಂತಹ ಕೆಲಸ ಮಾಡುತ್ತಿತ್ತೆಂಬುದು ಅದು ಅಳಿದ ಮೇಲೆ ತಿಳಿಯಿತು.

ಆದುದರಿಂದ ಬಂಡೆಯ ಹೊಂಡದಲ್ಲಿ ಮುಳ್ಳುಚೆಂಡನ್ನು ಕಂಡಾಗ ಅದನ್ನು ಕಿತ್ತು ತರುವ ಆಸೆಯನ್ನು ತಡೆಯಿರಿ. ಅಲ್ಲಿಯೇ ಕುಳಿತು ನೋಡಿರಿ. ಅದನ್ನು ಸಾಕುವವರ ತೊಟ್ಟಿಯೂ ನಮಗೆ ಕಲಿಸುವುದು ಒಂದೇ ಪಾಠ. ಒಂದು ಹಿಡಿ ಗಾತ್ರದ ಜೀವವನ್ನು ಉಳಿಸಲು ಮನುಷ್ಯನು ದಿನವೂ ಇಷ್ಟೊಂದು ದುಡಿಯಬೇಕಾದರೆ, ಬೇಡದೆಯೇ ಕೋಟಿ ಕೋಟಿ ಜೀವಗಳನ್ನು ಸಲಹುತ್ತಿರುವ ಕಡಲನ್ನು ಕೆಡದಂತೆ ಕಾಯುವುದು ಎಷ್ಟು ದೊಡ್ಡ ಹೊಣೆ!