ಬರಲಿರುವ ಮಾದರಿಯ ವದಂತಿ ಮತ್ತು ಗೋದಾಮಿನ ದಾಸ್ತಾನು

ಡೆಸ್ಕ್‌ಟಾಪ್ ಗಣಕಯಂತ್ರಗಳ ವ್ಯಾಪಾರ: ಒಂದು ಅಧ್ಯಯನ

2024ರ ಅಕ್ಟೋಬರ್ 29ರಂದು, ದೀಪಾವಳಿ ಬಾಗಿಲಿಗೆ ಬಂದಿದ್ದ ಹೊತ್ತಿನಲ್ಲಿ, ಆ್ಯಪಲ್ ಸಂಸ್ಥೆಯು ತನ್ನ ಹೊಸ ಮ್ಯಾಕ್ ಮಿನಿ ಡೆಸ್ಕ್‌ಟಾಪ್ ಗಣಕಯಂತ್ರವನ್ನು ಪ್ರಕಟಿಸಿತು. ಭಾರತದಲ್ಲಿ ಅದರ ಆರಂಭಿಕ ಬೆಲೆ 59,900 ರೂಪಾಯಿ. 2023ರ ಜನವರಿಯಲ್ಲಿ ಬಂದಿದ್ದ ಹಿಂದಿನ ಮಾದರಿಯ ಆರಂಭಿಕ ಬೆಲೆಯೂ ಅಷ್ಟೇ ಆಗಿತ್ತು. ಆದರೆ ಹಳೆಯದರಲ್ಲಿ ಮೆಮೊರಿ 8 ಜಿಬಿ, ಹೊಸದರಲ್ಲಿ 16 ಜಿಬಿ. ಹಳೆಯದರ ಅಗಲ 19.7 ಸೆಂಟಿಮೀಟರ್, ಹೊಸದರದು 12.7 ಸೆಂಟಿಮೀಟರ್. ಬೆಲೆ ಒಂದೇ, ಸರಕು ಬೇರೆ. ಹಬ್ಬದ ಮಾರಾಟಕ್ಕೆಂದು ಹಳೆಯ ಮಾದರಿಯನ್ನು ತುಂಬಿಸಿಟ್ಟುಕೊಂಡಿದ್ದ ವರ್ತಕನ ದಾಸ್ತಾನು, ಪೆಟ್ಟಿಗೆಯ ಮುದ್ರೆ ಒಡೆಯುವ ಮೊದಲೇ ಹಳತಾಯಿತು.

ಇದು ಯಾರಿಗೂ ತಿಳಿಯದೆ ನಡೆದ ಸಂಗತಿಯಲ್ಲ. ಹೊಸ ಮ್ಯಾಕ್ ಮಿನಿ ಗಾತ್ರದಲ್ಲಿ ಬಹಳ ಚಿಕ್ಕದಾಗಿರುವುದೆಂದು ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲೇ ವರದಿ ಮಾಡಿತ್ತು. ಹಾಗಾದರೆ ವದಂತಿಯನ್ನು ನಂಬಿ ಖರೀದಿಯನ್ನು ತಡೆಹಿಡಿಯುವುದೇ ಜಾಣತನವೆಂದು ತೋರಬಹುದು. ಡೆಸ್ಕ್‌ಟಾಪ್ ವ್ಯಾಪಾರದ ಹಿಂದಿನ ನಾಲ್ಕು ದಶಕಗಳನ್ನು ನೋಡಿದರೆ ವಿಷಯ ಅಷ್ಟು ಸರಳವಲ್ಲವೆಂಬುದು ಕಂಡುಬರುತ್ತದೆ. ವದಂತಿ ನಿಜವೋ ಸುಳ್ಳೋ ಎಂಬುದಕ್ಕಿಂತ, ಅದು ನಿಜವಾಗುವವರೆಗಿನ ಕಾಲದ ಖರ್ಚನ್ನು ಯಾರು ಹೊರುತ್ತಾರೆ ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ.

ಆಸ್‌ಬರ್ನ್ ಪ್ರಕರಣ

ಮುಂದಿನ ಮಾದರಿಯ ಸುದ್ದಿ ಈಗಿನ ಮಾದರಿಯ ಮಾರಾಟವನ್ನು ಕೆಡಿಸುವುದಕ್ಕೆ ವಾಣಿಜ್ಯ ಜಗತ್ತಿನಲ್ಲಿ 'ಆಸ್‌ಬರ್ನ್ ಪರಿಣಾಮ' ಎಂಬ ಹೆಸರೇ ಇದೆ. ಆಡಮ್ ಆಸ್‌ಬರ್ನ್ ಸ್ಥಾಪಿಸಿದ ಕಂಪನಿಯು 1981ರ ಏಪ್ರಿಲ್‌ನಲ್ಲಿ ಆಸ್‌ಬರ್ನ್ 1 ಎಂಬ ಗಣಕವನ್ನು 1,795 ಡಾಲರ್‌ಗೆ ಮಾರುಕಟ್ಟೆಗೆ ತಂದಿತು. ಹಿಡಿಕೆ ಹಿಡಿದು ಒಯ್ಯಬಹುದಾಗಿದ್ದರೂ ಸುಮಾರು 11 ಕಿಲೋ ತೂಗುತ್ತಿದ್ದ ಈ ಯಂತ್ರ ಭರದಿಂದ ಮಾರಾಟವಾಯಿತು. 1983ರ ಆರಂಭದಲ್ಲಿ ಎಕ್ಸಿಕ್ಯುಟಿವ್ ಎಂಬ ಉತ್ತಮ ಮಾದರಿ ಬರುವುದೆಂಬ ವಿಷಯ ಹೊರಬಿತ್ತು. ಮಾರಾಟಗಾರರು ಹಳೆಯ ಮಾದರಿಗೆ ಕೊಟ್ಟಿದ್ದ ಬೇಡಿಕೆಗಳನ್ನು ಹಿಂತೆಗೆದುಕೊಂಡರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. ಇದು ಪ್ರಚಲಿತವಾಗಿರುವ ಕಥೆ. (ಆಡಮ್ ಆಸ್‌ಬರ್ನ್ ನಮ್ಮ ನೆರೆಯವರೇ ಎಂದರೂ ಸಲ್ಲುತ್ತದೆ. ಬಾಲ್ಯದ ವರ್ಷಗಳನ್ನು ತಮಿಳುನಾಡಿನಲ್ಲಿ ಕಳೆದ ಅವರು ಕೊನೆಗಾಲದಲ್ಲಿ ಅಲ್ಲಿಗೇ ಮರಳಿ, 2003ರಲ್ಲಿ ಕೊಡೈಕೆನಾಲ್‌ನಲ್ಲಿ ನಿಧನರಾದರು.)

ಕಥೆಯನ್ನು ಪೂರ್ತಿ ನಂಬಬೇಕಾಗಿಲ್ಲ. 1982ರಲ್ಲೇ ಕೇಪ್ರೊ 2 ಎಂಬ ಪ್ರತಿಸ್ಪರ್ಧಿ 1,595 ಡಾಲರ್‌ಗೆ ಬಂದಿತ್ತು. ಆಸ್‌ಬರ್ನ್ 1ರ ಪರದೆ 5 ಅಂಗುಲವಾದರೆ ಕೇಪ್ರೊದ್ದು 9 ಅಂಗುಲ. 1981ರಲ್ಲಿ ಬಂದಿದ್ದ ಐಬಿಎಂ ಪಿಸಿ ಅಷ್ಟರಲ್ಲಿ ಮಾರುಕಟ್ಟೆಯ ದಿಕ್ಕನ್ನೇ ಬದಲಿಸುತ್ತಿತ್ತು. ವದಂತಿ ಇಲ್ಲದಿದ್ದರೂ ಆಸ್‌ಬರ್ನ್ 1ರ ದಾಸ್ತಾನು ಹೆಚ್ಚು ಕಾಲ ಬಾಳುತ್ತಿರಲಿಲ್ಲ. ಆದರೂ ಕಾಯಿಲೆ ಬಿದ್ದ ಸರಕನ್ನು ಮುಂದಿನ ಮಾದರಿಯ ಸುದ್ದಿ ಬಲುಬೇಗ ಮಣ್ಣುಗೂಡಿಸುತ್ತದೆ ಎಂಬಷ್ಟು ಮಟ್ಟಿಗೆ ಈ ಪ್ರಕರಣ ಸತ್ಯ.

ಸರಕು ಗಟ್ಟಿಯಾಗಿದ್ದರೆ ಫಲ ಬೇರೆಯಾಗುತ್ತದೆ. 2005ರ ಜೂನ್ 6ರಂದು ಆ್ಯಪಲ್ ತನ್ನ ಎಲ್ಲ ಗಣಕಗಳನ್ನೂ ಪವರ್‌ಪಿಸಿಯಿಂದ ಇಂಟೆಲ್ ಸಂಸ್ಕಾರಕಗಳಿಗೆ ಬದಲಾಯಿಸುವುದಾಗಿ ಬಹಿರಂಗವಾಗಿ ಸಾರಿತು. ಅಂಗಡಿಗಳಲ್ಲಿದ್ದ ಪ್ರತಿಯೊಂದು ಯಂತ್ರವೂ ಹಳೆಯ ಕುಲಕ್ಕೆ ಸೇರಿದ್ದೆಂದು ತಯಾರಕರೇ ಒಪ್ಪಿಕೊಂಡಂತಾಯಿತು. ಮಾರಾಟ ನಿಂತುಹೋಗುವುದೆಂದು ಅನೇಕರು ಎಣಿಸಿದರು, ಹಾಗಾಗಲಿಲ್ಲ. ಹಳೆಯ ತಂತ್ರಾಂಶಗಳು ಹೊಸ ಯಂತ್ರದಲ್ಲಿಯೂ ನಡೆಯುವ ವ್ಯವಸ್ಥೆಯನ್ನು ಮೊದಲೇ ತೋರಿಸಲಾಗಿತ್ತು, ಕಾಲಪಟ್ಟಿಯನ್ನೂ ಹೇಳಲಾಗಿತ್ತು. ಮೊದಲ ಯಂತ್ರ 2006ರ ಜೂನ್‌ನೊಳಗೆ ಬರುವುದೆಂದಿದ್ದುದು ಜನವರಿಯಲ್ಲೇ ಬಂತು. 2007ರ ಅಂತ್ಯಕ್ಕೆ ಮುಗಿಯಬೇಕಾಗಿದ್ದ ಬದಲಾವಣೆ 2006ರ ಆಗಸ್ಟ್‌ನಲ್ಲಿ ಮ್ಯಾಕ್ ಪ್ರೊ ಡೆಸ್ಕ್‌ಟಾಪ್‌ನೊಂದಿಗೆ ಬಹುಮಟ್ಟಿಗೆ ಪೂರೈಸಿತು.

ಕಾದವರ ಲೆಕ್ಕ

ಸುದ್ದಿ ನಂಬಿ ಕಾದವರ ನಷ್ಟ ಯಾರ ಖಾತೆಯಲ್ಲೂ ಬರೆಯಲ್ಪಡುವುದಿಲ್ಲ. ಆದಕಾರಣ ಅದು ಕಣ್ಣಿಗೆ ಬೀಳುವುದೂ ಇಲ್ಲ. 2014ರ ಅಕ್ಟೋಬರ್‌ನಲ್ಲಿ ಬಂದ ಮ್ಯಾಕ್ ಮಿನಿಯ ನಂತರದ ಮಾದರಿ ಬಂದುದು 2018ರ ಅಕ್ಟೋಬರ್‌ನಲ್ಲಿ. ಈ ನಾಲ್ಕು ವರ್ಷಗಳಲ್ಲಿ 'ಇನ್ನೇನು ಬಂತು' ಎಂಬ ಮಾತೂ 'ಆ ಮಾದರಿಯನ್ನೇ ಕೈಬಿಡುತ್ತಾರೆ' ಎಂಬ ಮಾತೂ ಸರದಿಯಂತೆ ಕೇಳಿಬರುತ್ತಿದ್ದವು. ಕೊನೆಗೆ ಬಂದ ಯಂತ್ರ ಉತ್ತಮವೇ ಆಗಿತ್ತು. ಆದರೆ ಅಮೆರಿಕದಲ್ಲಿ 499 ಡಾಲರ್ ಇದ್ದ ಆರಂಭಿಕ ಬೆಲೆ 799 ಡಾಲರ್‌ಗೆ ಏರಿತ್ತು. ಕಾದರೆ ಅಗ್ಗವಾಗುತ್ತದೆಂಬ ನಂಬಿಕೆ ಇಲ್ಲಿ ಫಲಿಸಲಿಲ್ಲ.

ಮುದ್ರಣಪೂರ್ವ ಕೆಲಸ ಮತ್ತು ಚಲನಚಿತ್ರ ಸಂಕಲನದವರು ನೆಚ್ಚಿಕೊಂಡಿದ್ದ ಮ್ಯಾಕ್ ಪ್ರೊ ವಿಷಯದಲ್ಲಿ ಕಾಯುವಿಕೆ ಇನ್ನೂ ದೀರ್ಘವಾಯಿತು. 2013ರ ಡಿಸೆಂಬರ್‌ನ ಮಾದರಿಯ ನಂತರದ್ದು 2019ರ ಡಿಸೆಂಬರ್‌ನಲ್ಲಿ ಬಂತು. ಆರಂಭಿಕ ಬೆಲೆ 2,999 ಡಾಲರ್‌ನಿಂದ 5,999 ಡಾಲರ್‌ಗೆ ಹೋಯಿತು. ನಡುವೆ 2017ರ ಏಪ್ರಿಲ್‌ನಲ್ಲಿ, ಗೋಪ್ಯತೆಗೆ ಹೆಸರಾದ ಅದೇ ಆ್ಯಪಲ್ ಕೆಲವು ಪತ್ರಕರ್ತರನ್ನು ಕರೆದು, ಹೊಸ ಮ್ಯಾಕ್ ಪ್ರೊ ತಯಾರಾಗುತ್ತಿದೆ, ಆದರೆ ಆ ವರ್ಷ ಬರುವುದಿಲ್ಲ ಎಂದು ತಾನಾಗಿಯೇ ತಿಳಿಸಿತು. ಆಸ್‌ಬರ್ನ್ ಪ್ರಕರಣದ ಪಾಠಕ್ಕೆ ಇದು ನೇರ ವಿರುದ್ಧ. ಮೌನದಿಂದ ಗ್ರಾಹಕರು ಬೇರೆ ಕಡೆಗೆ ಹೊರಟಿದ್ದರು; ಮಾತನಾಡಿದ್ದರಿಂದ ಕೆಲವರಾದರೂ ನಿಂತರು.

27 ಅಂಗುಲದ ಐಮ್ಯಾಕ್ ಪ್ರಕರಣ ಮೂರನೆಯ ಬಗೆಯದು. 2022ರ ಮಾರ್ಚ್‌ನಲ್ಲಿ ಆ ಮಾದರಿಯನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು. ಅದರ ದೊಡ್ಡ ಉತ್ತರಾಧಿಕಾರಿ ಬರುವುದೆಂಬ ಊಹೆ ಮಾತ್ರ ನಿಲ್ಲಲಿಲ್ಲ. 2023ರ ನವೆಂಬರ್‌ನಲ್ಲಿ, ತನ್ನದೇ ಸಂಸ್ಕಾರಕವುಳ್ಳ 27 ಅಂಗುಲದ ಐಮ್ಯಾಕ್ ತಯಾರಿಸುವ ಯೋಜನೆಯಿಲ್ಲವೆಂದು ಸಂಸ್ಥೆಯೇ ಹೇಳಬೇಕಾಯಿತು. ಒಂದೂವರೆ ವರ್ಷ ಕಾದವರು ಬಾರದ ಬಸ್ಸಿಗೆ ನಿಂತಿದ್ದರು.

ತಯಾರಕರ ಯೋಜನೆಯೂ ಶಾಸನವಲ್ಲ

ವದಂತಿ ಬೇಡ, ಅಧಿಕೃತ ಘೋಷಣೆಯನ್ನೇ ನಂಬೋಣವೆಂಬ ನಿಲುವು ಹೆಚ್ಚು ಸುರಕ್ಷಿತವೆಂದು ಕಾಣುತ್ತದೆ. ಸಣ್ಣ ಕೈಗಾರಿಕೆಗಳವರು ಇಲ್ಲಿ ಇನ್ನಷ್ಟು ಎಚ್ಚರ ವಹಿಸಬೇಕಾಗುತ್ತದೆ. ಏಕೆಂದರೆ ವರ್ತಕನ ಹಣ ಸರಕಿನಲ್ಲಿದ್ದರೆ ಇವರ ಹಣ ಡೈ ಮತ್ತು ಅಚ್ಚುಗಳಲ್ಲಿರುತ್ತದೆ. ಸರಕನ್ನು ಸೋಡಿಯಲ್ಲಾದರೂ ಮಾರಬಹುದು. ಅಚ್ಚು ಹಳತಾದರೆ ಗುಜರಿಯ ಬೆಲೆಗೆ ಇಳಿಯುತ್ತದೆ.

ಡೆಸ್ಕ್‌ಟಾಪ್ ಕ್ಯಾಬಿನೆಟ್‌ಗಳ ಅಳತೆಯನ್ನು ನಿಗದಿಪಡಿಸುವ ಎಟಿಎಕ್ಸ್ ಮಾನಕವನ್ನು ಇಂಟೆಲ್ 1995ರಲ್ಲಿ ರೂಪಿಸಿತು. ಪೆಂಟಿಯಂ 4 ಸಂಸ್ಕಾರಕಗಳ ಬಿಸಿ ಏರುತ್ತಾ ಹೋದಂತೆ, ಗಾಳಿ ನೇರವಾಗಿ ಸಂಸ್ಕಾರಕದ ಮೇಲೆ ಹಾಯುವಂತೆ ಬಿಟಿಎಕ್ಸ್ ಎಂಬ ಹೊಸ ಮಾನಕವನ್ನು 2003ರಲ್ಲಿ ಮುಂದಿಟ್ಟಿತು. ಎಟಿಎಕ್ಸ್‌ನ ಸ್ಥಾನಕ್ಕೆ ಇದೇ ಬರುವುದೆಂದು ಭಾವಿಸಲಾಗಿತ್ತು. ಕೆಲವು ದೊಡ್ಡ ತಯಾರಕರು ಬಳಸಿದರು ಸಹ. ಆದರೆ ಬಿಸಿಯ ಸಮಸ್ಯೆಯನ್ನು ಇಂಟೆಲ್ ಇನ್ನೊಂದು ದಾರಿಯಲ್ಲಿ ಬಿಡಿಸಿಕೊಂಡಿತು. ಪೆಂಟಿಯಂ 4ರ ಮುಂದಿನ ಪೀಳಿಗೆಯೆಂದು ಯೋಜಿಸಿದ್ದ ತೇಜಸ್ ಎಂಬ ಸಂಸ್ಕಾರಕವನ್ನು 2004ರ ಮೇ ತಿಂಗಳಿನಲ್ಲಿ ರದ್ದುಪಡಿಸಿತು. 2006ರಲ್ಲಿ ಕಡಿಮೆ ವಿದ್ಯುತ್ ಬಳಸುವ ಕೋರ್ 2 ಡ್ಯುಯೊ ತಂದಿತು. ಬಿಸಿ ಇಳಿದ ಮೇಲೆ ಬಿಟಿಎಕ್ಸ್‌ಗೆ ಕಾರಣವೇ ಉಳಿಯಲಿಲ್ಲ. ಅದೇ ವರ್ಷ ಅದರ ಮುಂದಿನ ಅಭಿವೃದ್ಧಿಯನ್ನು ಕೈಬಿಡಲಾಯಿತು. ಬಿಡಿಭಾಗಗಳಿಂದ ಜೋಡಿಸಿದ ಗಣಕಗಳನ್ನು ಮಾರುವ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇಂದಿಗೂ ಸಿಗುವುದು ಎಟಿಎಕ್ಸ್ ಕುಟುಂಬದ ಕ್ಯಾಬಿನೆಟ್ಟುಗಳೇ. ಬಿಟಿಎಕ್ಸ್‌ಗೆಂದು ಡೈ ಮಾಡಿಸುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತಾಗುತ್ತಿತ್ತು. ಅದೂ ಕೂಸಿನ ತಂದೆಯ ಮಾತನ್ನೇ ನಂಬಿ.

ಮೈಕ್ರೋಸಾಫ್ಟ್‌ನ ವಿಂಡೋಸ್ ವಿಸ್ಟಾ ಪ್ರಸಂಗದಲ್ಲಿ ಹೊರೆ ಹಂಚಿಕೊಳ್ಳುವ ಒಂದು ಮಾದರಿ ದೊರೆಯುತ್ತದೆ. ಸಾಮಾನ್ಯ ಗ್ರಾಹಕರಿಗೆ ವಿಸ್ಟಾ 2007ರ ಜನವರಿಗೆ ಮುನ್ನ ಸಿಗುವುದಿಲ್ಲವೆಂದು 2006ರ ಮಾರ್ಚ್‌ನಲ್ಲಿ ತಿಳಿಯಿತು. ಎಂದರೆ ಕ್ರಿಸ್‌ಮಸ್ ಮಾರಾಟ ಕೈತಪ್ಪಿದಂತೆ. ಒಂದೆರಡು ತಿಂಗಳು ಕಾಯೋಣವೆಂದು ಗ್ರಾಹಕರು ಹಿಂದೆ ಸರಿಯದಿರಲೆಂದು, ಅಕ್ಟೋಬರ್ ಕೊನೆಯಿಂದ ಅರ್ಹ ಗಣಕಗಳನ್ನು ಕೊಂಡವರಿಗೆ ಮುಂದೆ ವಿಸ್ಟಾವನ್ನು ಉಚಿತವಾಗಿ ಅಥವಾ ರಿಯಾಯಿತಿಯಲ್ಲಿ ಕೊಡುವ ಕೂಪನ್ ವ್ಯವಸ್ಥೆ ಮಾಡಲಾಯಿತು. ಕಾಯುವುದರಿಂದ ಲಾಭವಿಲ್ಲದಂತೆ ಮಾಡಿದ್ದೇ ಇದರ ತಿರುಳು. ಊರಿನ ವರ್ತಕನೂ ಸಣ್ಣ ಪ್ರಮಾಣದಲ್ಲಿ ಇದನ್ನು ಮಾಡಬಹುದು. ಮೂವತ್ತು ದಿನಗಳೊಳಗೆ ಹೊಸ ಮಾದರಿ ಬಂದರೆ ವ್ಯತ್ಯಾಸದ ಹಣ ಕಟ್ಟಿಸಿಕೊಂಡು ಬದಲಿ ಕೊಡುವೆನೆಂಬ ಲಿಖಿತ ಭರವಸೆ ಕೆಲವೊಮ್ಮೆ ರಿಯಾಯಿತಿಗಿಂತ ಅಗ್ಗ.

ಇದ್ದಕ್ಕಿದ್ದಂತೆ ದಿಕ್ಕು ಬದಲಿಸುವ ಸುದ್ದಿ ತಯಾರಕರಿಂದಲೇ ಬರಬೇಕೆಂದಿಲ್ಲ. 2023ರ ಆಗಸ್ಟ್ 3ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಲ್ಯಾಪ್‌ಟಾಪ್, ಆಲ್-ಇನ್-ಒನ್ ಗಣಕ ಮತ್ತು ಅತಿ ಚಿಕ್ಕ ಗಾತ್ರದ ಗಣಕಗಳ ಆಮದನ್ನು ತಕ್ಷಣದಿಂದ ಪರವಾನಗಿಗೆ ಒಳಪಡಿಸಿತು. ಮರುದಿನವೇ ಅದನ್ನು ಅಕ್ಟೋಬರ್ ಕೊನೆಯವರೆಗೆ ಮುಂದೂಡಿತು. ಅಕ್ಟೋಬರ್‌ನಲ್ಲಿ ಅದರ ಬದಲಿಗೆ ಸರಳವಾದ ಆಮದು ನಿರ್ವಹಣಾ ವ್ಯವಸ್ಥೆ ಬಂತು. ಮೊದಲ ದಿನದ ಗಾಬರಿಯಲ್ಲಿ ದುಬಾರಿ ಬೆಲೆಗೆ ದಾಸ್ತಾನು ಕೊಂಡವನಿಗೆ ಆ ಗಾಬರಿಯ ಬೆಲೆಯಷ್ಟೇ ಉಳಿಯುತ್ತಿತ್ತು.

ಯಂತ್ರಕ್ಕಿಂತ ಬಿಡಿಭಾಗ

ಮಾದರಿಗಳ ಸುದ್ದಿಯಲ್ಲಿ ಮುಳುಗಿದವರು ಬಿಡಿಭಾಗಗಳ ಪೇಟೆಯನ್ನು ಮರೆಯುವುದುಂಟು. 2011ರ ಕೊನೆಯಲ್ಲಿ ಥಾಯ್ಲೆಂಡಿನ ಪ್ರವಾಹದಿಂದ ಹಾರ್ಡ್‌ಡಿಸ್ಕ್ ಕಾರ್ಖಾನೆಗಳು ನೀರಿನಲ್ಲಿ ನಿಂತವು; ಬೆಲೆಗಳು ಕೆಲವೇ ವಾರಗಳಲ್ಲಿ ಜಿಗಿದವು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಮೆಮೊರಿಯ ಬೆಲೆ ತೀವ್ರವಾಗಿ ಏರಿತು. ಮೈಕ್ರಾನ್ ಸಂಸ್ಥೆಯು ಗ್ರಾಹಕರಿಗಾಗಿ ಮಾರುತ್ತಿದ್ದ ಕ್ರೂಷಿಯಲ್ ಹೆಸರಿನ ವ್ಯವಹಾರವನ್ನೇ ಬಿಡುವುದಾಗಿ ಆ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಇಂಥ ಕಾಲದಲ್ಲಿ ಗೋದಾಮಿನ 'ಹಳೆಯ' ಯಂತ್ರವೇ ಲಾಭದ ಸರಕು. ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಗುತ್ತದೆಂಬುದು ಸಾಮಾನ್ಯ ನಿಯಮವಾದರೂ ಬರಗಾಲದಲ್ಲಿ ಹಳೆ ನೀರಿಗೂ ಬೆಲೆಯಿದೆ.

ಊಹೆಯ ಅಗತ್ಯವೇ ಇಲ್ಲದ ದಿನಾಂಕಗಳೂ ಇವೆ. ವಿಂಡೋಸ್ 11 ಬಂದುದು 2021ರ ಅಕ್ಟೋಬರ್‌ನಲ್ಲಿ. ಯಾವ ಪೀಳಿಗೆಯ ಯಂತ್ರಗಳು ಅದಕ್ಕೆ ತಕ್ಕವು, ಯಾವುವು ಅಲ್ಲ ಎಂಬುದು ಆಗಲೇ ಪ್ರಕಟವಾಗಿತ್ತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದೆಂಬುದೂ ಗೊತ್ತಿತ್ತು. ಹಳೆಯ ಸಂಸ್ಕಾರಕವುಳ್ಳ ಬಳಸಿದ ಗಣಕಗಳನ್ನು ಸಗಟಾಗಿ ಕೊಳ್ಳುವವರಿಗೆ ನಾಲ್ಕು ವರ್ಷಗಳ ಮುನ್ಸೂಚನೆ ಸಿಕ್ಕಿತ್ತು. ಯಾವ ವದಂತಿಯೂ ಇಷ್ಟು ಉದಾರವಾಗಿರುವುದಿಲ್ಲ.

ಲೆಕ್ಕ ಮತ್ತು ಕರಾರು

ತಲಾ 45,000 ರೂಪಾಯಿಯ ಹತ್ತು ಡೆಸ್ಕ್‌ಟಾಪ್‌ಗಳು ದಾಸ್ತಾನಿನಲ್ಲಿವೆ ಎಂದಿಟ್ಟುಕೊಂಡರೆ ಸಿಕ್ಕಿಕೊಂಡ ಬಂಡವಾಳ 4,50,000 ರೂಪಾಯಿ. ವರ್ಷಕ್ಕೆ ಶೇಕಡಾ 12ರಂತೆ ತಿಂಗಳ ಬಡ್ಡಿ 4,500 ರೂಪಾಯಿ. ಹೊಸ ಮಾದರಿ ಬಂದು ಹಳೆಯದನ್ನು ಶೇಕಡಾ 8 ಇಳಿಸಿ ಮಾರಬೇಕಾದರೆ ಒಮ್ಮೆಗೇ ಹೋಗುವುದು 36,000 ರೂಪಾಯಿ, ಅಂದರೆ ಎಂಟು ತಿಂಗಳ ಬಡ್ಡಿ. ಬಡ್ಡಿಯನ್ನು ಪ್ರತಿ ತಿಂಗಳೂ ಗೊಣಗುತ್ತಾ ಕಟ್ಟುವ ವರ್ತಕ ಈ ಎರಡನೆಯ ಖರ್ಚನ್ನು ಸಾಮಾನ್ಯವಾಗಿ ಖರೀದಿಯ ದಿನ ಎಣಿಸುವುದೇ ಇಲ್ಲ.

ಇದಕ್ಕೆ ಪರಿಹಾರ ಸಗಟು ಸರಬರಾಜುದಾರರೊಂದಿಗಿನ ಬೆಲೆರಕ್ಷಣೆಯ ಕರಾರು: ತಯಾರಕರು ಬೆಲೆ ಇಳಿಸಿದರೆ, ಇಂತಿಷ್ಟು ದಿನಗಳೊಳಗೆ ಕೊಂಡು ಮಾರಾಟವಾಗದೆ ಉಳಿದ ಸರಕಿಗೆ ವ್ಯತ್ಯಾಸದ ಹಣವನ್ನು ಕ್ರೆಡಿಟ್ ನೋಟ್ ಮೂಲಕ ಕೊಡುವುದು. ಮ್ಯಾಕ್ ಮಿನಿಯ ಉದಾಹರಣೆಯಲ್ಲಿ ಬೆಲೆ ಇಳಿಯಲೇ ಇಲ್ಲ, ಸರಕು ಬದಲಾಯಿತು ಎಂಬುದನ್ನು ಗಮನಿಸಬೇಕು. ಆದುದರಿಂದ ಕರಾರಿನಲ್ಲಿ 'ಬೆಲೆ ಇಳಿಕೆ' ಎಂಬುದರ ಜೊತೆಗೆ 'ಮಾದರಿ ಬದಲಾವಣೆ' ಎಂಬ ಮಾತೂ ಇರಬೇಕು. ಪೂರೈಕೆಯ ನಂತರದ ರಿಯಾಯಿತಿಯನ್ನು ತೆರಿಗೆಯ ಮೌಲ್ಯದಿಂದ ಕಳೆಯಲು, 2017ರ ಕೇಂದ್ರ ಜಿಎಸ್‌ಟಿ ಕಾಯಿದೆಯ 15(3)ನೇ ಕಲಮು ಮೂಲದಲ್ಲಿ ಪೂರೈಕೆಗೆ ಮುನ್ನವೇ ಅಥವಾ ಆ ವೇಳೆಗೇ ಆದ ಒಪ್ಪಂದವನ್ನು ಕೇಳಿತ್ತು. ಆ ಷರತ್ತನ್ನು ತೆಗೆಯಲು ಜಿಎಸ್‌ಟಿ ಮಂಡಳಿ 2025ರ ಸೆಪ್ಟೆಂಬರ್‌ನಲ್ಲಿ ಶಿಫಾರಸು ಮಾಡಿತು. ಕಾಯಿದೆ ಕೇಳಲಿ, ಬಿಡಲಿ, ಬಾಯಿಮಾತಿನ ಭರವಸೆಯ ಮೇಲೆ ಕ್ರೆಡಿಟ್ ನೋಟ್ ಬರುವುದು ಅಪರೂಪ.

ಮಾರಾಟವಾಗದೆ ಉಳಿದ ಯಂತ್ರಗಳನ್ನು ಪುಸ್ತಕದಲ್ಲಿ ಸಂಪೂರ್ಣ ಹೊಡೆದುಹಾಕುವ ಮುನ್ನ ಲೆಕ್ಕಪರಿಶೋಧಕರನ್ನು ಕೇಳುವುದು ಲೇಸು. ಹಾಗೆ ಹೊಡೆದುಹಾಕಿದ ಅಥವಾ ಉಡುಗೊರೆಯಾಗಿ ಕೊಟ್ಟ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನು 17(5)(ಎಚ್) ಕಲಮಿನಂತೆ ಹಿಂದಿರುಗಿಸಬೇಕಾಗುತ್ತದೆ. ಅದೇ ಯಂತ್ರವನ್ನು ಅಸಲಿಗಿಂತ ಕಡಿಮೆ ಬೆಲೆಗೆ ಬಿಲ್ಲು ಹಾಕಿ ಮಾರಿದರೆ ಈ ಕಲಮಿನ ಹೊಡೆತ ತಗಲುವುದಿಲ್ಲ.